ಸೋಮಾರಿ ಎದ್ದನೇನೇ

ಬಂದವರೆಲ್ಲ ಹೋಗಿ, ಬಾಡಿಗೆಯ ಕುರ್ಚಿಗಳೂ ಹೋಗಿ, ಮನೆಯವರಷ್ಟೇ ಉಳಿದ ಮೊದಲ ಬೆಳಿಗ್ಗೆ ಅತ್ತೆ ಅಡುಗೆಮನೆಯಿಂದ ಕೂಗಿದರು.

"ಆ ಸೋಮಾರಿ ಎದ್ದನೇನೇ?"

ಕೂಗಿದ ಮೇಲೆ ಅದು ಅವರಿಗೇ ಕೇಳಿಸಿತು. ಪಾತ್ರೆಯಲ್ಲಿ ತಿರುಗುತ್ತಿದ್ದ ಚಮಚ ನಿಂತಿತು. ಹೊರಕೋಣೆಯಲ್ಲಿ ಮಾವ ಪತ್ರಿಕೆಯ ಪುಟ ಮಗುಚಲು ಎತ್ತಿದ ಕೈಯನ್ನು ಹಾಗೇ ಹಿಡಿದು ಕೂತರು. ಸೊಸೆ ಬಚ್ಚಲ ಬಾಗಿಲಲ್ಲಿ ಟವೆಲ್ ಹಿಡಿದು ನಿಂತಿದ್ದಳು. ಮದುವೆಯಾಗಿ ಬಂದಂದಿನಿಂದ ಅವಳು ಪ್ರತಿ ಬೆಳಿಗ್ಗೆ ಕೇಳಿದ ಪ್ರಶ್ನೆ ಅದು. ಉತ್ತರವೂ ಬಾಯಿಪಾಠವಾಗಿತ್ತು: ಇನ್ನೂ ಹೊರಳ್ತಾ ಇದ್ದಾರೆ ಅತ್ತೆ. ಈಗಲೂ ಅದು ನಾಲಿಗೆಯ ತುದಿಯವರೆಗೆ ಬಂದೇಬಿಟ್ಟಿತ್ತು. ನುಂಗಿಕೊಂಡಳು. ಕಿಟಕಿಯಾಚೆ, ಹಿತ್ತಲ ಗೋಡೆಯ ಪಕ್ಕದ ಗಿಡ ಕಣ್ಣಿಗೆ ಬಿತ್ತು.

"ಇಲ್ಲ ಅತ್ತೆ, ಇನ್ನೂ ಎಲೆ ಬಿಟ್ಟಿಲ್ಲ" ಎಂದಳು.

ಆಮೇಲೆ ಚಮಚ ಮತ್ತೆ ತಿರುಗಿತು.

"ಬಿಡುತ್ತೆ. ಅದಕ್ಕೇನು, ಯಾವತ್ತೂ ಅವಸರ ಇಲ್ಲ" ಎಂದರು ಅತ್ತೆ.

ಆ ಮನೆಯಲ್ಲಿ ಸೋಮಾರಿಗಳು ಇಬ್ಬರಿದ್ದರು, ಅದೇ ಅನುಕೂಲವಾಯಿತು. ಒಬ್ಬ ಅವಳ ಗಂಡ. ಇನ್ನೊಂದು ಅವನು ಮದುವೆಯ ವರ್ಷ ನರ್ಸರಿಯಿಂದ ಹೊತ್ತು ತಂದ ಈ ಗಿಡ. ತಂದಾಗ ಕುಂಡದಲ್ಲಿ ಎಲೆಯಿಲ್ಲದ ನಾಲ್ಕಾರು ಕಡ್ಡಿ ಬಿಟ್ಟರೆ ಏನೂ ಇರಲಿಲ್ಲ. "ದುಡ್ಡು ಕೊಟ್ಟು ಕಟ್ಟಿಗೆ ತಂದಿದ್ದೀಯಲ್ಲೋ, ಒಂದು ಒಲೆಗೂ ಸಾಲಲ್ಲ" ಎಂದು ಅತ್ತೆ ನಕ್ಕಿದ್ದರು. ಅದರ ಕೊರಳಲ್ಲಿ ನೇತಾಡುತ್ತಿದ್ದ ಹೆಸರಿನ ಚೀಟಿಯನ್ನು ಯಾರ ನಾಲಿಗೆಯೂ ಓದಲಾರದು. ದಾಸವಾಳದ ದೂರದ ನೆಂಟ, ಚಳಿಗೆ ಎಲೆ ಉದುರಿಸುತ್ತದೆ, ಎಂದಷ್ಟೇ ಅವನು ಹೇಳಿದ. ಚಳಿ ಹೋಯಿತು, ಬೀದಿಯ ಗಿಡಗಳೆಲ್ಲ ಚಿಗುರಿದವು, ಇದು ಮಾತ್ರ ಜಪ್ಪಯ್ಯ ಎನ್ನಲಿಲ್ಲ. ಎಲ್ಲರೂ ಕೈಬಿಟ್ಟ ಮೇಲೆ ಒಂದು ವಾರದಲ್ಲಿ ಮೈತುಂಬ ಎಲೆ ಬಂದವು. ಎಳೆಯದರಲ್ಲಿ ಗುಲಾಬಿ ಛಾಯೆ, ಬಲಿತ ಮೇಲೆ ನಡುವೆ ಹಸಿರು, ಸುತ್ತ ಕೆನೆಬಣ್ಣದ ಅಂಚು. ಪ್ರತಿ ಎಲೆಗೂ ಯಾರೋ ಕೂತು ಅಂಚು ಹೊಲಿದಂತಿತ್ತು. ಹೂವು ಬಂದದ್ದು ಇನ್ನೂ ತಡವಾಗಿ, ಬೀದಿಯವರ ಹೂವುಗಳೆಲ್ಲ ಒಣಗಿ ಕಸವಾದ ಮೇಲೆ. ಕಡುನೇರಳೆ.

"ಒಳ್ಳೇದಾಯ್ತು ಬಿಡು, ನಿನ್ನ ಒಡಹುಟ್ಟಿದವನನ್ನೇ ಹುಡುಕಿ ತಂದಿದ್ದೀಯ" ಎಂದರು ಅತ್ತೆ.

"ತಡವಾಗಿ ಬಂದೋರಿಗೆ ಕೂರೋಕೆ ಜಾಗ ಸಿಗುತ್ತಮ್ಮ. ನೋಡು, ಬೀದಿಯ ಜೇನ್ನೊಣ ಎಲ್ಲಾ ನಮ್ಮನೇಲೇ" ಎಂದಿದ್ದ ಅವನು.

ಅವನು ಎಲ್ಲಿ ಬೇಕಾದರೂ ನಿದ್ದೆ ಮಾಡಬಲ್ಲವನಾಗಿದ್ದ. ಅದೇ ತಪ್ಪಾಯಿತು. ಕೆಲಸಕ್ಕೆ ಹೊರಟವನು ಬಸ್ ನಿಲ್ದಾಣದ ಬೆಂಚಿನ ಮೇಲೆ ಕೂತ. ದಿನವೂ ಜೊತೆಗೆ ಹೋಗುವವರು ಅವನ ತೂಕಡಿಕೆಯನ್ನು ಬಲ್ಲವರು. ಬಸ್ಸು ಬಂದಾಗ ಕೂಗಿದರು, ಏಳಲಿಲ್ಲ, ನಕ್ಕು ಹತ್ತಿ ಹೋದರು. ಮುಂದಿನ ಬಸ್ಸಿನವರೂ ಹಾಗೇ ಮಾಡಿದರು. ಎದೆ ನಿಂತಿದೆ ಎಂದು ಯಾರೋ ಗುರುತಿಲ್ಲದವರು ಕಂಡುಹಿಡಿದರು.

ಅದರ ಹಿಂದಿನ ಭಾನುವಾರ ಅವನು ಗಿಡ ಕತ್ತರಿಸಲು ಶುರು ಮಾಡಿದ್ದ. ಹೊಸ ಕೊಂಬೆಯಲ್ಲೇ ಅದು ಹೂ ಬಿಡುವುದು. ಅದಕ್ಕೇ ಚಳಿ ಮುಗಿಯುವ ಹೊತ್ತಿಗೆ, ಚಿಗುರಿನ ಕಣ್ಣು ಒಡೆಯುವ ಮೊದಲು, ಮೊಣಕಾಲೆತ್ತರಕ್ಕೆ ಕತ್ತರಿಸಬೇಕು. ಒಂದು ಕಣ್ಣಿನ ಮೇಲೆ, ತುಸು ಓರೆಯಾಗಿ, ನೀರು ನಿಲ್ಲದಂತೆ. ಇದನ್ನೆಲ್ಲ ಅವನು ಪ್ರತಿ ವರ್ಷ ಅವಳಿಗೆ ಹೇಳುತ್ತಿದ್ದ, ಅವಳು ಪ್ರತಿ ವರ್ಷ ಹೊಸದಾಗಿ ಕೇಳುತ್ತಿದ್ದಳು. ಆ ಭಾನುವಾರ ಅರ್ಧ ಗಿಡ ಕತ್ತರಿಸಿ, ಸೊಂಟ ಹಿಡಿದುಕೊಂಡು, "ಉಳಿದಿದ್ದು ನಾಳೆ" ಎಂದ. ಅವನ ನಾಳೆ ಎಲ್ಲರಿಗೂ ಗೊತ್ತಿದ್ದದ್ದೇ. ಈಗ ಗಿಡದ ಒಂದು ಬದಿ ಮೊಣಕಾಲಿಗೆ, ಇನ್ನೊಂದು ಬದಿ ತಲೆಯೆತ್ತರಕ್ಕೆ. ಕ್ಷೌರದಂಗಡಿಯಿಂದ ಅರ್ಧಕ್ಕೇ ಎದ್ದು ಓಡಿ ಬಂದವನ ಹಾಗೆ ನಿಂತಿತ್ತು.

ಉದ್ದ ಹಿಡಿಕೆಯ ಕೊಂಬೆಕತ್ತರಿ ಹಿತ್ತಲ ಬಾಗಿಲ ಹಿಂದಿನ ಮೊಳೆಯಲ್ಲಿ ತೂಗುತ್ತಿತ್ತು. ಹಿಡಿಕೆಗಳಿಗೆ ಬಟ್ಟೆಯ ಪಟ್ಟಿ ಸುತ್ತಿತ್ತು. ಅಂಗೈ ಕೂರುವಲ್ಲಿ ಬೆವರಿನಿಂದ ಕಪ್ಪಾಗಿ, ಬೆರಳಿನ ಅಳತೆಗೆ ತಗ್ಗಾಗಿತ್ತು. ಅವನ ಅಂಗಿಗಳನ್ನು ಅತ್ತೆ ಒಗೆದು ಮಡಚಿ ಕೊಟ್ಟುಬಿಟ್ಟಿದ್ದರು. ದಿಂಬಿನಲ್ಲಿ ಸೋಪಿನ ವಾಸನೆ ಮಾತ್ರ ಉಳಿದಿತ್ತು. ಕೆಲಸಕ್ಕೆ ಹೊರಡುವ ಮುಂಚೆ ಅವಳು ಆ ಬಾಗಿಲ ಹಿಂದೆ ಹೋಗಿ, ತಗ್ಗುಗಳಲ್ಲಿ ತನ್ನ ಬೆರಳು ಕೂರಿಸಿ, ಸ್ವಲ್ಪ ಹೊತ್ತು ಹಿಡಿದು ನಿಲ್ಲುತ್ತಿದ್ದಳು. ತಗ್ಗು ಅವಳ ಬೆರಳಿಗಿಂತ ಅಗಲ. ಅಳು ಬರುತ್ತಿರಲಿಲ್ಲ. ಚಪ್ಪಲಿ ಮೆಟ್ಟಿ ಹೊರಡುತ್ತಿದ್ದಳು.

ಅವಳ ಕೆಲಸ ಕಿವಿ ಪರೀಕ್ಷೆ. ವಿಶ್ವವಿದ್ಯಾಲಯದಲ್ಲಿ ವರ್ಷಗಟ್ಟಲೆ ಓದಿ ಕಲಿತದ್ದು. ಗಾಜಿನ ಒಂದು ಕಡೆ ಸದ್ದು ಹೊಗದ ಪುಟ್ಟ ಕೋಣೆ, ಅದರಲ್ಲಿ ಹೆಡ್‌ಫೋನ್ ಹಾಕಿಕೊಂಡು ಕೂತ ರೋಗಿ. ಇನ್ನೊಂದು ಕಡೆ ಯಂತ್ರದ ಮುಂದೆ ಅವಳು. ಸದ್ದನ್ನು ಸಣ್ಣದು ಮಾಡುತ್ತ ಹೋಗುವುದು, ಎಲ್ಲಿಯವರೆಗೆ ಕೇಳುತ್ತದೆ ಎಂದು ಗುರುತು ಹಾಕುವುದು. "ಕೇಳಿಸಿದಾಗ ಗುಂಡಿ ಒತ್ತಿ" ಎಂದು ದಿನಕ್ಕೆಷ್ಟೋ ಸಲ ಹೇಳುವುದು.

ಒಂದು ದಿನ ಒಬ್ಬ ಅಜ್ಜಿ ಬಿಡದೆ ಒತ್ತಿದರು.

"ಅಜ್ಜಿ, ನಾನಿನ್ನೂ ಸದ್ದು ಬಿಟ್ಟೇ ಇಲ್ಲ."

"ಬಿಡ್ತೀಯಲ್ಲಮ್ಮಾ, ಅದಕ್ಕೇ ಮುಂಚೇನೇ ಒತ್ತಿಟ್ಟೆ."

"ಹಾಗೆ ಒತ್ತಬಾರದು. ಕೇಳಿಸಿದ್ರೆ ಮಾತ್ರ."

"ಕೇಳಿಸ್ದೇ ಇದ್ರೆ ಸುಮ್ನೆ ಕೂತಿರ್ಬೇಕಾ? ಎಷ್ಟು ಹೊತ್ತು?"

ಅವಳು ಮೊದಲ ಸದ್ದು ಬಿಟ್ಟಳು. ಸಹೋದ್ಯೋಗಿಗಳು ಅವಳನ್ನು ಗಟ್ಟಿಗಿತ್ತಿ ಎನ್ನುತ್ತಿದ್ದರು. ಗಟ್ಟಿಯಾಗಿರುವುದೇ ಬೇರೆ, ಮರಗಟ್ಟಿರುವುದೇ ಬೇರೆ. ಅದನ್ನು ವಿವರಿಸುವ ಶಕ್ತಿಯಿರಲಿಲ್ಲ, ಅದಕ್ಕೇ ತಲೆಯಾಡಿಸುತ್ತಿದ್ದಳು.

ದಿನಗಳು ಬೆಚ್ಚಗಾದವು. ಬೆಳಗಿನ ಪ್ರಶ್ನೆ ಈಗ ಮನೆಯವರಿಗೆ ಉಳಿದ ಒಂದೇ ಮಾತಾಗಿತ್ತು.

"ಸೋಮಾರಿ ಎದ್ದನೇನೇ?"

"ಇನ್ನೂ ಇಲ್ಲ ಅತ್ತೆ."

ಬೀದಿಯ ಗಿಡಗಳೆಲ್ಲ ಹಸಿರಾದವು. ಎದುರು ಮನೆಯ ಬೇಲಿಯಂತೂ ಎಂದೂ ಇಲ್ಲದಷ್ಟು ಸೊಕ್ಕಿ, ಬಾಚದ ತಲೆಯ ಹಾಗೆ ಕೆದರಿ ಬೀದಿಗೆ ಬಾಗಿತ್ತು. ಆ ಮನೆ ಬೀಗ ರಿಪೇರಿಯವನದು. ಬೀದಿಯವರ ಬಾಯಲ್ಲಿ ಬೀಗದಣ್ಣ. "ಹೆಣ್ಣು ಕೊಡದೆ, ಗಂಡು ತರದೆ, ಊರಿಗೆಲ್ಲ ಬೀಗರಾದವನು ನಾನೊಬ್ಬನೇ" ಎಂಬುದು ಅವನ ಹಳೆಯ ಜೋಕು. ಗೆರೆ ಎಳೆದಂತೆ ಬೇಲಿ ಕತ್ತರಿಸುವುದರಲ್ಲಿ ಅವನನ್ನು ಮೀರಿಸಿದವರಿರಲಿಲ್ಲ. ಈ ವರ್ಷ ಯಾಕೆ ಬಿಟ್ಟಿದ್ದಾನೋ ಎಂದು ಅವಳಿಗೆ ಒಮ್ಮೆ ಅನಿಸಿತು, ಅನಿಸಿದ್ದು ಹಾಗೇ ಹಾದುಹೋಯಿತು. ಅವನು ಆಗಾಗ ಬಾಗಿಲಿಗೆ ಬರುತ್ತಿದ್ದ. ಬೀಗಕ್ಕೆ ಎಣ್ಣೆ ಬೇಕೇನಮ್ಮ ಎಂದು ಕೇಳುತ್ತಿದ್ದ. ಬೇಡ ಎಂದರೂ ಒಂದು ಕಾಲು ಹೊಸ್ತಿಲ ಮೇಲಿಟ್ಟು ಏನೋ ಹೇಳಲು ನಿಂತು, "ಸರಿ, ಬರ್ತೀನಿ" ಎಂದು ಹೋಗುತ್ತಿದ್ದ.

ಒಂದು ಬೆಳಿಗ್ಗೆ ಅವಳಿಗೆ ಭಯವಾಯಿತು. ಎಷ್ಟೋ ಕಾಲದ ಮೇಲೆ ಆದ ಮೊದಲ ಭಯ. ಗಿಡ ಸತ್ತೇ ಹೋಗಿದ್ದರೆ? ಹಿತ್ತಲಿಗೆ ಹೋಗಿ, ಕೈಗೆಟುಕಿದ ಉದ್ದ ಕೊಂಬೆಯನ್ನು ಹೆಬ್ಬೆರಳ ಉಗುರಿನಿಂದ ಕೆರೆದಳು. ಅದೂ ಅವನೇ ಹೇಳಿದ್ದು: ಸಿಪ್ಪೆಯ ಕೆಳಗೆ ಹಸಿರಿದ್ದರೆ ಜೀವ ಇದೆ ಅಂತ. ಬೂದು ಸಿಪ್ಪೆ ಎದ್ದಿತು. ಕೆಳಗೆ ಒದ್ದೆ ಹಸಿರು. ಅವಳು ಉಸಿರು ಬಿಟ್ಟಳು. ಆ ದಿನ ಬಸ್ಸಿನಲ್ಲಿ ಕಿಟಕಿಯಾಚೆ ಏನಿದೆ ಎಂದು ನೋಡಿದಳು.

ಮರುದಿನ ಮತ್ತೆ ಕೆರೆದಳು. ನಿನ್ನೆಯ ಹಸಿರು ಇವತ್ತಿಗೆ ನಂಬಿಕೆಯಾಗಲಿಲ್ಲ. ಅದರ ಮರುದಿನವೂ ಅಷ್ಟೇ. ಕೊಂಬೆಯ ಮೇಲೆ ಗಾಯಗಳು ತಾನು ನೆನೆಸಿದ್ದಕ್ಕಿಂತ ಹೆಚ್ಚಿವೆ ಎಂದು ಕಂಡಿತು. ನೆನಪೇ ಸರಿಯಿಲ್ಲ, ಎಷ್ಟು ಸಲ ಕೆರೆದೆನೋ ಎಂದುಕೊಂಡಳು.

ಅದೇ ವಾರ ಊಟದ ಮೇಜಿನಲ್ಲಿ ಅತ್ತೆ ಹೇಳಿದರು:

"ಅದನ್ನ ಕಿತ್ತು ಹಾಕ್ಸೋಣ."

ಮಾವ ತಟ್ಟೆಯಿಂದ ತಲೆ ಎತ್ತಲಿಲ್ಲ.

"ಭಾನುವಾರ ಬೀಗದಣ್ಣ ಗುದ್ದಲಿ ತಗೊಂಡು ಬರ್ತೀನಿ ಅಂದ. ನಾನೇ ಕೇಳ್ದೆ."

"ಆಯ್ತು ಅತ್ತೆ" ಎಂದಳು ಸೊಸೆ. ಬೇಡ ಎನ್ನಬೇಕಿತ್ತು. ಬೇಡ ಎಂದರೆ ಯಾಕೆ ಎನ್ನುತ್ತಾರೆ, ಯಾಕೆ ಎಂದರೆ ಮಾತು ಬೇಕು. ಮಾತೆಲ್ಲ ಎಲ್ಲೋ ಅಟ್ಟದ ಮೇಲಿದ್ದಂತೆ, ಏಣಿ ಹತ್ತಿ ತರಬೇಕಾದಂತೆ ಅನಿಸುತ್ತಿತ್ತು. ತೊಳೆದ ತಟ್ಟೆಯನ್ನೇ ಮತ್ತೆ ತೊಳೆದಳು. ಆ ಕಡ್ಡಿಗಳನ್ನು ಬಿಟ್ಟರೆ ಬೆಳಿಗ್ಗೆ ಅತ್ತೆ ಕೇಳುವುದೇನನ್ನು? ತಾನು ಹೇಳುವುದೇನನ್ನು?

ಭಾನುವಾರ ಬೀಗದಣ್ಣ ಬಂದ. ಹೆಗಲ ಮೇಲೆ ಗುದ್ದಲಿ. ಅದರ ಮರದ ಕಾವಿನ ಬುಡದ ಕಬ್ಬಿಣದ ಮೇಲೆ ಒಂದು ಪುಟ್ಟ ಬೀಗದಕೈ ಗುರುತು ಒತ್ತಿತ್ತು. ಅವನ ಉಪಕರಣಕ್ಕೆಲ್ಲ ಅದೇ ಮುದ್ರೆ. ಈ ಮನೆಯ ಮುಂಬಾಗಿಲ ಬೀಗಕ್ಕೂ ಅವನೇ ಒತ್ತಿದ್ದ. ಮನೆಯ ಮೂವರೂ ಹಿತ್ತಲಲ್ಲಿ ನಿಂತರು, ಒಬ್ಬರಿಂದೊಬ್ಬರು ದೂರ ದೂರ, ಬಸ್ಸಿಗೆ ಕಾಯುವವರ ಹಾಗೆ.

ಬೀಗದಣ್ಣ ಗುದ್ದಲಿ ಊರಿ ಬಗ್ಗಿ ನೋಡಿದ.

"ಇದೇನ್ರೀ ಇದು? ಇಲಿ ಕಾಟನಾ?"

ಅವನು ಒಂದು ಕೊಂಬೆಯನ್ನು ಬೆಳಕಿಗೆ ಬಾಗಿಸಿದ.

"ಉದ್ದದ ಕೊಂಬೆಗೆಲ್ಲ ಸುತ್ತ ಸಿಪ್ಪೆ ಕೆರೆದು ಹಾಕಿದೆ ನೋಡಿ. ಒಂದಿಷ್ಟು ಬಾಕಿ ಇಲ್ಲ. ಇಲ್ಲಿ ನೋಡಿ, ಚೌಕವಾಗಿ ಕತ್ತರಿಸಿದೆ. ಇಲಿಗೆ ಇಷ್ಟು ನಾಜೂಕು ಎಲ್ಲಿಂದ ಬಂತು?"

ಮಾವ ಕೆಮ್ಮಿದರು. "ಅದು... ಒಂದೆರಡು ಸಲ ನಾನು. ಗಡ್ಡದ ಬ್ಲೇಡಲ್ಲಿ. ಹಸಿರಿದೆಯಾ ಅಂತ."

ಸೊಸೆ ಅವರನ್ನು ನೋಡಿದಳು. "ನಾನೂ" ಎಂದಳು. "ಉಗುರಲ್ಲಿ. ದಿನಾ."

ಅತ್ತೆ ಸೆರಗಿನಲ್ಲಿ ಕೈ ಮುಚ್ಚಿಕೊಂಡದ್ದು ತಡವಾಯಿತು. ಅವರ ಹೆಬ್ಬೆರಳ ಉಗುರಿನ ಸಂದಿಯಲ್ಲಿ ಹಸಿರು ಕರೆ ಇತ್ತು.

"ನೀನೂನಾ?" ಎಂದರು ಮಾವ. "ಮತ್ತೆ ಕಿತ್ತು ಹಾಕ್ಸು ಅಂದೋಳು ನೀನೇ ಅಲ್ವಾ!"

"ಹೂಂ, ನಾನೇ!" ಅತ್ತೆಯ ದನಿ ಏರಿತು. "ಸತ್ತಿದ್ರೆ ಸುಮ್ನೆ ಇರ್ತಿದ್ದೆ. ದಿನಾ ಕೆರೀತೀನಿ, ದಿನಾ ಹಸಿರಿದೆ. ಹಸಿರಿದ್ದೂ ಏಳಲ್ಲ ಅಂದ್ರೆ? ಆಸ್ಪತ್ರೇಲಿ ಕೈ ಮುಟ್ಟಿದಾಗ ಅವನ ಕೈನೂ ಬೆಚ್ಚಗೇ ಇತ್ತು. ಏಳೋ ಅಂದೆ. ಬೆಚ್ಚಗಿದ್ದೋನು ಏಳಲೇ ಇಲ್ಲ. ಇನ್ನೊಂದು ಸಲ ಅದನ್ನ ನೋಡೋಕೆ ನನ್ನ ಕೈಲಾಗಲ್ಲ."

ಬೀಗದಣ್ಣ ಗುದ್ದಲಿಯ ಕಾವನ್ನೇ ನೋಡುತ್ತ ನಿಂತ. ಮಾವ ಅತ್ತೆಯ ಪಕ್ಕಕ್ಕೆ ಬಂದು ನಿಂತರು, ಅಷ್ಟೇ.

ಸೊಸೆ ಗಿಡದ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತಳು. ಉದ್ದ ಕೊಂಬೆಗಳು ಮುಗಿದಂತೆಯೇ. ಸುತ್ತ ಸಿಪ್ಪೆ ಹೋದರೆ ಮೇಲಕ್ಕೆ ಏನೂ ಏರುವುದಿಲ್ಲ. ಜೀವ ಇದೆಯಾ, ಜೀವ ಇದೆಯಾ ಎಂದು ಕೇಳಿ ಕೇಳಿಯೇ ಮೂವರೂ ಸೇರಿ ಅವನ್ನು ಕೊಂದಿದ್ದರು. ಆದರೆ ಅವನು ಕತ್ತರಿಸಿದ್ದ ಗಿಡ್ಡ ಬದಿಗೆ ಯಾರ ಕೈಯೂ ಹೋಗಿರಲಿಲ್ಲ. ಮುದುಕರಿಗೆ ಬಗ್ಗಲಾಗದು, ತನಗೆ ಬಗ್ಗುವ ಮನಸ್ಸಿರಲಿಲ್ಲ. ಅಲ್ಲಿ ಒಂದೂ ಗಾಯವಿರಲಿಲ್ಲ. ಓರೆ ಕಡಿತದ ಕೆಳಗೆ ಕಣ್ಣುಗಳು ಸಾಸಿವೆಯಷ್ಟು ಉಬ್ಬಿದ್ದವು.

"ಕೀಳೋದು ಬೇಡ" ಎಂದಳು.

ಅಷ್ಟು ಜೋರಾಗಿ ಹೇಳಬೇಕೆಂದಿರಲಿಲ್ಲ. ಮೂವರೂ ತಿರುಗಿ ನೋಡಿದರು.

"ಉಳಿದರ್ಧ ಕತ್ತರಿಸ್ಬೇಕು. ಅವರು ಬಿಟ್ಟಿದ್ದು. ಗಾಯದ ಕೆಳಗೆ ಕತ್ತರಿಸಿದ್ರೆ ಬುಡ ಉಳಿಯುತ್ತೆ. ಕತ್ತರಿಸ್ತೀನಿ ಅತ್ತೆ. ಆಮೇಲೆ ಯಾರೂ ಮುಟ್ಟೋದು ಬೇಡ. ನೋಡೋದು, ಅಷ್ಟೇ."

ಅತ್ತೆ ಗಿಡದಿಂದ ಒಂದು ಹೆಜ್ಜೆ ಹಿಂದೆ ಸರಿದರು.

ಅವಳು ಒಳಗೆ ಹೋಗಿ ಮೊಳೆಯಿಂದ ಕತ್ತರಿ ತಂದಳು. ಅದನ್ನು ಕಂಡ ಬೀಗದಣ್ಣ ಬಾಯಿ ತೆರೆದ. ಮುಚ್ಚಿಕೊಂಡ.

"ಒಳ್ಳೆ ಕತ್ತರಿ" ಎಂದ.

"ಅವರದು" ಎಂದಳು ಅವಳು, ಹಿಡಿಕೆಯ ತಗ್ಗಿನಲ್ಲಿ ಬೆರಳು ಕೂರಿಸುತ್ತ.

"ಹೌದೌದು" ಎಂದ ಬೀಗದಣ್ಣ. "ನೋಡಿದ್ರೇ ಗೊತ್ತಾಗುತ್ತೆ."

ಮೊದಲ ಕೊಂಬೆಗೆ ಕತ್ತರಿಯ ಬಾಯಿ ಹಚ್ಚಿ ಒತ್ತಲು ಅವಳಿಗೆ ಬಹಳ ಹೊತ್ತು ಹಿಡಿಯಿತು. ಇದು ಮುಗಿದರೆ ಅವನು ಬಿಟ್ಟುಹೋದ ಕೆಲಸ ಒಂದೂ ಉಳಿಯುವುದಿಲ್ಲ. ಒತ್ತಿದಳು. ಕಟ್ ಎಂದಿತು. ಕೊಂಬೆ ಗೋಡೆಗೆ ಒರಗಿ ಬಿತ್ತು. ಮಾವ ಬಂದು ಅದನ್ನು ಎತ್ತಿಕೊಂಡರು. ಮುಂದಿನದನ್ನು ಅತ್ತೆ ಎತ್ತಿಕೊಂಡರು. ಕೊನೆಗೆ ಗಿಡದ ಎರಡು ಬದಿಯೂ ಒಂದೇ ಎತ್ತರಕ್ಕೆ ಬಂತು. ಯಾವುದು ಅವನು ಕತ್ತರಿಸಿದ್ದು, ಯಾವುದು ತಾನು ಕತ್ತರಿಸಿದ್ದು ಎಂಬುದು ಕಡಿತದ ಬಣ್ಣದಿಂದ ಮಾತ್ರ ತಿಳಿಯುತ್ತಿತ್ತು. ಅದೂ ಒಂದು ಮಳೆಯವರೆಗೆ.

ಬೀಗದಣ್ಣ ಗುದ್ದಲಿ ಹೆಗಲಿಗೇರಿಸಿದ. ಹೋಗುವಾಗ ಕತ್ತರಿಯ ಕಡೆಗೊಮ್ಮೆ ನೋಡಿ, "ಇಟ್ಕೊಳಮ್ಮ, ಇಟ್ಕೋ" ಎಂದ. ಅವನು ಏನು ಹೇಳುತ್ತಿದ್ದಾನೆಂದು ಅವಳಿಗೆ ಅರ್ಥವಾಗಲಿಲ್ಲ.

ಮತ್ತೆ ಕಾಯುವುದು. ಕೈ ಕಟ್ಟಿಕೊಂಡು ಕಾಯುವುದು ಉಗುರಿನಿಂದ ಕೆರೆಯುವುದಕ್ಕಿಂತ ಕಷ್ಟವಾಗಿತ್ತು. ಬೆಳಿಗ್ಗೆ ಮೂವರೂ ಹಿತ್ತಲ ಬಾಗಿಲವರೆಗೆ ಹೋಗಿ ನಿಲ್ಲುತ್ತಿದ್ದರು. ಮಾವ ಅತ್ತೆಯ ಕೈಯನ್ನು ಕಾಯುತ್ತಿದ್ದರು, ಅತ್ತೆ ಮಾವನ ಜೇಬನ್ನು. "ಬ್ಲೇಡ್ ಎಲ್ರೀ?" "ಇಲ್ಲಿಲ್ಲ ಕಣೇ, ಬಚ್ಚಲಲ್ಲಿದೆ." "ತೋರ್ಸಿ ಜೇಬು."

ಬೀದಿಯ ಹೂವುಗಳು ಉದುರತೊಡಗಿದ ದಿನಗಳಲ್ಲಿ ಒಂದು ಬೆಳಿಗ್ಗೆ ಅಡುಗೆಮನೆಯಿಂದ ದನಿ ಬಂತು, ದಣಿದ ದನಿ, ಉತ್ತರ ಬೇಕೆಂದೇನೂ ಅಲ್ಲ:

"ಸೋಮಾರಿ ಎದ್ದನೇನೇ?"

ಸೊಸೆ ಗಿಡದ ಬುಡದಲ್ಲಿ ಬಗ್ಗಿದ್ದಳು. ಅವನು ಕತ್ತರಿಸಿದ್ದ ಕೊಂಬೆಯ ಓರೆಯ ಕೆಳಗೆ, ಅಕ್ಕಿಕಾಳಿನಷ್ಟು ಗುಲಾಬಿ. ತುದಿಯಲ್ಲಿ ಕೆನೆಬಣ್ಣದ ಅಂಚು, ಇನ್ನೂ ಮಡಿಕೆ ಬಿಚ್ಚಿರಲಿಲ್ಲ.

"ಒಂದು ಕಣ್ಣು ಬಿಟ್ಟಿದ್ದಾನೆ ಅತ್ತೆ."

ಚಮಚ ಸಿಂಕಿಗೆ ಬಿದ್ದ ಸದ್ದಾಯಿತು.

ಅಂದು ರಜೆ. ಅವಳು ಕತ್ತರಿಯನ್ನು ಮೊಳೆಯಿಂದಿಳಿಸಿ ಮೆಟ್ಟಿಲ ಮೇಲೆ ಕೂತಳು. ಅಲಗಿನ ಮೇಲೆ ಗಿಡದ ರಸ ಒಣಗಿ ತುಕ್ಕು ಹಿಡಿಯತೊಡಗಿತ್ತು. ಒರೆಸಿ ಎಣ್ಣೆ ಹಚ್ಚಿದಳು. ಹಿಡಿಕೆಯ ಪಟ್ಟಿ ಒಂದು ಕೊನೆಯಲ್ಲಿ ಬಿಚ್ಚಿಕೊಂಡಿತ್ತು. ಸರಿಯಾಗಿ ಸುತ್ತೋಣವೆಂದು ಒಂದೆರಡು ಸುತ್ತು ಬಿಡಿಸಿದಾಗ ಕಬ್ಬಿಣ ಕಂಡಿತು. ಅದರ ಮೇಲೆ ಒಂದು ಪುಟ್ಟ ಬೀಗದಕೈ.

ಅವಳು ಅದನ್ನು ನೋಡುತ್ತ ಕೂತಳು. ಆಮೇಲೆ ತಲೆಯೆತ್ತಿ ಮನೆಯ ಪಕ್ಕದ ಓಣಿಯ ಮೂಲಕ ಎದುರು ಮನೆಯ ಬೇಲಿಯನ್ನು ನೋಡಿದಳು. ಬೀಗದಣ್ಣ ಅಲ್ಲೇ ಇದ್ದ. ತಗಡು ಕತ್ತರಿಸುವ ಗಿಡ್ಡ ಕತ್ತರಿ ಹಿಡಿದು, ಒಂದೊಂದೇ ಕಡ್ಡಿ ಕಚ್ಚಿ ಕಚ್ಚಿ ಕತ್ತರಿಸುತ್ತಿದ್ದ. ಬೇಲಿ ಇಲಿ ತಿಂದ ರೊಟ್ಟಿಯ ಹಾಗಿತ್ತು. ಒಳಗಿನಿಂದ ಅವನ ಹೆಂಡತಿಯ ದನಿ ಕೇಳುತ್ತಿತ್ತು: "ಹೋಗಿ ಕೇಳಿ ತರಬಾರ್ದಾ? ಬಾಯಿಗೂ ಬೀಗ ಹಾಕ್ಕೊಂಡಿದ್ದೀರಾ?"

ಪಟ್ಟಿ ಸುತ್ತಿ, ಕತ್ತರಿ ಹಿಡಿದು ಅವಳು ಬೀದಿ ದಾಟಿದಳು. ಅವಳನ್ನು ಕಂಡ ಬೀಗದಣ್ಣ ತಗಡಿನ ಕತ್ತರಿಯನ್ನು ಬೆನ್ನ ಹಿಂದೆ ಅಡಗಿಸಿದ.

"ನಿಮ್ಮದು" ಎಂದಳು.

"ಅಯ್ಯೋ, ಅವಸರ ಏನಿತ್ತಮ್ಮ."

"ಅವತ್ತು ಅವರದು ಅಂದೆ. ನೀವೂ ಹೌದು ಅಂದ್ರಿ."

"ಅವತ್ತು ಅದು ಅವನದೇ ಆಗಿತ್ತಲ್ಲಮ್ಮ" ಎಂದ ಬೀಗದಣ್ಣ. ಎತ್ತಲೋ ನೋಡಿದ. "ನಾಳೆ ತಂದುಕೊಡ್ತೀನಿ ಅಂತ ತಗೊಂಡು ಹೋಗಿದ್ದ."

"ನಾಳೆ ಅಂದಿದ್ರಾ?"

"ಹೂಂ."

"ಹಾಗಾದ್ರೆ ಅವರಿದ್ದಿದ್ರೂ ಇವತ್ತೇ ಆಗ್ತಿತ್ತು."

ಬೀಗದಣ್ಣ ನಗಲೋ ಬೇಡವೋ ಎಂದು ನಿಂತ. ಅವಳು ಹಿಡಿಕೆಯ ಕಡೆ ತೋರಿಸಿದಳು. "ಈ ಪಟ್ಟಿ ಯಾರು ಸುತ್ತಿದ್ದು?"

"ನಾನೇ. ಎಷ್ಟು ವರ್ಷ ಆಯ್ತೋ. ನನ್ನ ಅಂಗೈ ಸಿಕ್ಕಾಪಟ್ಟೆ ಬೆವರುತ್ತಮ್ಮ. ಎಷ್ಟು ಕೊಳೆ ಆಗಿದೆ ನೋಡು, ಇವಳು ಬೈತಾ ಇರ್ತಾಳೆ."

ದಿನವೂ ಬಾಗಿಲ ಹಿಂದೆ ನಿಂತು ತಾನು ಹಿಡಿದದ್ದು ಬೀಗದಣ್ಣನ ಕೈ. ಅವಳೊಳಗಿಂದ ಏನೋ ಕೆಮ್ಮಿನಂತೆ ಹೊರಬಿತ್ತು. ನಗು. ಅದು ನಿಲ್ಲಲಿಲ್ಲ. ನಗುತ್ತ ನಗುತ್ತ ಕಣ್ಣಲ್ಲಿ ನೀರು ಬಂದಾಗ ಅದನ್ನು ಒರೆಸಿಕೊಳ್ಳಲೂ ಮನಸ್ಸಾಗಲಿಲ್ಲ. ಬೀಗದಣ್ಣ ತಗಡಿನ ಕತ್ತರಿಯನ್ನು ಬೇಲಿಯ ಬುಡದಲ್ಲಿಟ್ಟ.

"ಎದ್ದನಾ?" ಎಂದ ಅವನು ಕೊನೆಗೆ, ಹಿತ್ತಲ ಕಡೆ ಗದ್ದ ಎತ್ತಿ.

"ಒಂದು ಕಣ್ಣು."

"ಸಾಕು."

ಅವಳು ಕತ್ತರಿಯನ್ನು ಅವನ ಕೈಗಿಟ್ಟಳು. ಅವನ ಬೆರಳುಗಳು ತಗ್ಗುಗಳಲ್ಲಿ ತಾವಾಗಿ ಹೋಗಿ ಕೂತವು, ಒಂದು ಕೂದಲಿನಷ್ಟೂ ಹೆಚ್ಚುಕಡಿಮೆಯಿಲ್ಲದೆ.

"ಎಲೆ ಉದುರಿದ ಮೇಲೆ ಮತ್ತೆ ಬೇಕಾಗುತ್ತೆ" ಎಂದಳು.

"ಬಂದು ಕೇಳು. ಆದ್ರೆ ನಾಳೆ ಕೊಡ್ತೀನಿ ಅನ್ಬೇಡ ಮಾರಾಯ್ತಿ."

"ನಾಡಿದ್ದು ಅಂತೀನಿ" ಎಂದು ಅವಳು ಬರಿಗೈಯಲ್ಲಿ ಬೀದಿ ದಾಟಿದಳು.